ಅಕ್ಷರ ನೋಡ್ಬೇಡಿ, ಚೆಂಡು ನೋಡಿ: ಗಾಲ್ಫ್ ಡ್ರೈವರ್‌ಗೆ ಶಾಫ್ಟ್ ಆರಿಸೋದು ಹೇಗೆ?

ಕಳೆದ ಸೆಮ್‌ನಲ್ಲಿ ಒಂದು ಸೋಮವಾರ ರಾತ್ರಿ ನಮ್ಮ ರೂಮ್‌ಮೇಟ್ ಹಾಸ್ಟೆಲ್‌ಗೆ ಬಂದವನೇ ಗಾಲ್ಫ್ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದ. "ಇನ್ನು ಆಡಲ್ಲ ಕಣ್ರೋ. ನನ್ ಕೈಲಿ ಆಗಲ್ಲ" ಅಂದ.

ಅವರಪ್ಪ ನಗರದ ಒಂದು ಗಾಲ್ಫ್ ಕೋರ್ಸ್‌ನಲ್ಲಿ ಕ್ಯಾಡಿ. ಅಲ್ಲಿ ಸೋಮವಾರ ಮೆಂಬರ್‌ಗಳ ಆಟ ಇರಲ್ಲ. ಅವತ್ತು ಕ್ಯಾಡಿಗಳು, ಅವರ ಮಕ್ಕಳು ಆಡಬಹುದು. ಇವನು ಚಿಕ್ಕ ಹುಡುಗನಾಗಿದ್ದಾಗಿಂದ ಹಾಗೇ ಆಡಿ ಕಲಿತವನು. ಈಗಲೂ ಸೋಮವಾರ ಕ್ಲಾಸ್ ಮುಗಿದ ತಕ್ಷಣ ಬಸ್ ಹಿಡಿದು ಓಡ್ತಾನೆ. ಡಿಸೆಂಬರ್‌ನಲ್ಲಿ ಒಂದು ಅಮೆಚೂರ್ ಟೂರ್ನಿಗೆ ಹೆಸರು ಕೊಟ್ಟಿದ್ದ. ಆದ್ರೆ ಕಳೆದ ಕೆಲವು ತಿಂಗಳಿಂದ ಅವನ ಡ್ರೈವ್ ಎಲ್ಲಾ ಬಲಕ್ಕೆ ತಿರುಗಿ ಮರಗಳ ಮಧ್ಯೆ ಹೋಗ್ತಿತ್ತು. ಕಾರಣ ತಾನೇ ಅಂತ ಅವನ ನಂಬಿಕೆ.

ನಮಗೆ ಗಾಲ್ಫ್ ಗೊತ್ತಿರಲಿಲ್ಲ. ಆದ್ರೆ ಬ್ಯಾಗ್ ಮತ್ತೆ ಹೊರಗೆ ಎಳೆದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಡ್ರೈವರ್ ಅವನದ್ದಲ್ಲ, ಒಬ್ಬ ಮೆಂಬರ್ ಪ್ರೀತಿಯಿಂದ ಕೊಟ್ಟಿದ್ದು. ಅದರ ಶಾಫ್ಟ್ ಮೇಲೆ ದೊಡ್ಡದಾಗಿ 'ಎಕ್ಸ್' ಅಂತ ಬರೆದಿತ್ತು. "ಇದೇನು?" ಅಂತ ಕೇಳಿದ್ವಿ. "ಎಕ್ಸ್‌ಟ್ರಾ ಸ್ಟಿಫ್. ಪ್ರೊಗಳು ಆಡೋದು" ಅಂದ, ಸ್ವಲ್ಪ ಹೆಮ್ಮೆಯಿಂದಾನೇ. ಈ ಲೇಖನ ಶುರುವಾಗಿದ್ದು ಆ ಒಂದು ಅಕ್ಷರದಿಂದ.

ಮೊದಲು, ಶಾಫ್ಟ್ ಅಂದ್ರೇನು?

ಗಾಲ್ಫ್ ಆಡದವರಿಗೆ ಎರಡು ಮಾತು. ಡ್ರೈವರ್ ಅಂದ್ರೆ ಬ್ಯಾಗ್‌ನಲ್ಲಿರೋ ಅತಿ ಉದ್ದದ ಕ್ಲಬ್. ಉದ್ದದ ಹೋಲ್‌ಗಳಲ್ಲಿ ಮೊದಲ ಹೊಡೆತಕ್ಕೆ ಬಳಸೋದು. ಅದರಲ್ಲಿ ಮೂರು ಭಾಗ: ಕೆಳಗೆ ಸುಮಾರು 200 ಗ್ರಾಂನ ಹೆಡ್, ಮೇಲೆ ಸುಮಾರು 50 ಗ್ರಾಂನ ರಬ್ಬರ್ ಗ್ರಿಪ್, ನಡುವೆ ಅವೆರಡನ್ನೂ ಸೇರಿಸೋ ಟೊಳ್ಳು ಕೊಳವೆ. ಆ ಕೊಳವೆಯೇ ಶಾಫ್ಟ್.

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಶುರುವಾಗಿದ್ದು 1876ರಲ್ಲಿ. ಆ ಕಾಲದ ಶಾಫ್ಟ್ ಮರದ್ದು, ಆಮೇಲೆ ಹಲವು ದಶಕ ಹಿಕರಿ ಮರದ್ದೇ ರಾಜ್ಯಭಾರ. ಸ್ಟೀಲ್ ಶಾಫ್ಟ್‌ಗೆ ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್‌ನಲ್ಲಿ 1929ರಲ್ಲಿ ಅನುಮತಿ ಸಿಕ್ತು. 1969ರ ಸುಮಾರಿಗೆ ಫ್ರ್ಯಾಂಕ್ ಥಾಮಸ್ ಎಂಬ ಇಂಜಿನಿಯರ್ ಕಾರ್ಬನ್ ಫೈಬರ್‌ನಿಂದ ಶಾಫ್ಟ್ ಮಾಡಿದರು. ಗಾಲ್ಫ್‌ನವರು ಇದನ್ನೇ ಗ್ರಾಫೈಟ್ ಅಂತಾರೆ. ಸ್ಟೀಲ್‌ನಲ್ಲಿ ಸುಮಾರು 120 ಗ್ರಾಂ ಇದ್ದ ಡ್ರೈವರ್ ಶಾಫ್ಟ್ ಇವತ್ತು 40ರಿಂದ 80 ಗ್ರಾಂ ಒಳಗೆ ಸಿಗುತ್ತೆ. ತಲೆನೋವು ಶುರುವಾಗಿದ್ದೂ ಅಲ್ಲಿಂದಲೇ. ಫೈಬರ್ ಪದರಗಳನ್ನು ಯಾವ ಕೋನದಲ್ಲಿ ಸುತ್ತುತ್ತೀರಿ ಅನ್ನೋದರ ಮೇಲೆ ತೂಕ, ಬಾಗುವ ಗುಣ, ತಿರುಚುವ ಗುಣ ಎಲ್ಲವನ್ನೂ ಬೇರೆ ಬೇರೆಯಾಗಿ ಬದಲಾಯಿಸಬಹುದು. ಹಾಗಾಗಿ ಅಂಗಡಿಯಲ್ಲಿ ನೂರಾರು ಆಯ್ಕೆ.

ತೂಕ: ಅಣ್ಣನ ಬ್ಯಾಟ್ ನೆನಪಿದೆಯಾ?

ಗಲ್ಲಿ ಕ್ರಿಕೆಟ್‌ನಲ್ಲಿ ಅಣ್ಣನ ಭಾರದ ಬ್ಯಾಟ್ ಹಿಡಿದು ಪುಲ್ ಶಾಟ್ ಹೊಡೆಯಕ್ಕೆ ಹೋದವರಿಗೆ ಶಾಫ್ಟ್ ತೂಕದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾಟ್ ಲೇಟಾಗಿ ಬರುತ್ತೆ. ಪ್ಲಾಸ್ಟಿಕ್ ಬ್ಯಾಟ್ ಹಿಡಿದರೆ ಉಲ್ಟಾ: ಕೈ ಮೊದಲೇ ಓಡಿಹೋಗುತ್ತೆ, ಬ್ಯಾಟ್ ಎಲ್ಲಿದೆ ಅಂತಾನೇ ಗೊತ್ತಾಗಲ್ಲ.

ಹಗುರ ಶಾಫ್ಟ್ ಹಾಕಿದ್ರೆ ವೇಗ ಜಾಸ್ತಿ ಆಗಲ್ವಾ? ಆಗುತ್ತೆ, ಆದ್ರೆ ಅಂದುಕೊಂಡಷ್ಟಲ್ಲ. ಗ್ರಿಪ್ ತುದಿಯನ್ನು ಅಕ್ಷ ಅಂತ ಇಟ್ಟುಕೊಂಡು ಒಂದು ಸರಳ ಲೆಕ್ಕ ಮಾಡಿದ್ವಿ. 1.1 ಮೀಟರ್ ದೂರದಲ್ಲಿ 200 ಗ್ರಾಂನ ಹೆಡ್ ಇದ್ದರೆ ಅದರ ಜಡತ್ವ ಭ್ರಮಣಾಂಕ, ಅಂದ್ರೆ ನಮ್ಮ ಮೊಮೆಂಟ್ ಆಫ್ ಇನರ್ಷಿಯಾ, 0.242 ಕೆಜಿ ಚದರ ಮೀಟರ್. 70 ಗ್ರಾಂ ಶಾಫ್ಟ್‌ನದ್ದು 0.028, 50 ಗ್ರಾಂ ಶಾಫ್ಟ್‌ನದ್ದು 0.020. ಅಂದ್ರೆ 20 ಗ್ರಾಂ ಇಳಿಸಿದರೂ ಒಟ್ಟು ಜಡತ್ವ ಕಡಿಮೆಯಾಗೋದು ಸುಮಾರು 3% ಮಾತ್ರ. ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಡ್‌ದೇ ಕಾರುಬಾರು.

ಹಾಗಾದ್ರೆ ತೂಕ ಯಾಕೆ ಮುಖ್ಯ? ಲಯಕ್ಕೆ. ಕ್ಲಬ್ ಹಿಂದಕ್ಕೆ ಹೋಗಿ ತಿರುಗಿ ಕೆಳಗೆ ಬರುವ ಕ್ಷಣವನ್ನು ಟ್ರಾನ್ಸಿಶನ್ ಅಂತಾರೆ. ಅಲ್ಲಿ ಅವಸರ ಮಾಡೋರಿಗೆ ಸ್ವಲ್ಪ ಭಾರದ ಶಾಫ್ಟ್ ಕೈಯನ್ನು ಹಿಡಿದಿಡುತ್ತೆ. ನಿಧಾನವಾಗಿ, ನಯವಾಗಿ ಸ್ವಿಂಗ್ ಮಾಡೋರಿಗೆ ಹಗುರದ್ದು ಸಾಕು. ತೀರಾ ಭಾರ ಆದ್ರೆ ಕೊನೆಯ ಕೆಲವು ಹೋಲ್‌ಗಳಲ್ಲಿ ಭುಜ ಸೋಲುತ್ತೆ, ಹೆಡ್ ತಡವಾಗಿ ಬರುತ್ತೆ. ತೀರಾ ಹಗುರ ಆದ್ರೆ ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಸ್ಥೂಲವಾಗಿ, ಗಂಟೆಗೆ 85 ಮೈಲಿಗಿಂತ ಕಡಿಮೆ ಸ್ವಿಂಗ್ ವೇಗ ಇರೋರು 40ರಿಂದ 50 ಗ್ರಾಂನಲ್ಲಿ, 85ರಿಂದ 95 ಇರೋರು 50ರಿಂದ 60ರಲ್ಲಿ, ಅದಕ್ಕಿಂತ ವೇಗದವರು 60ರಿಂದ ಮೇಲೆ ಹುಡುಕಲು ಶುರು ಮಾಡಬಹುದು. ಇದು ಶುರು ಮಾಡೋ ಜಾಗ ಅಷ್ಟೆ, ತೀರ್ಪಲ್ಲ.

ಫ್ಲೆಕ್ಸ್: ಐದು ಅಕ್ಷರಗಳ ಕಥೆ

ಫ್ಲೆಕ್ಸ್ ಅಂದ್ರೆ ಶಾಫ್ಟ್ ಎಷ್ಟು ಬಾಗುತ್ತೆ ಅನ್ನೋದು. ಅದನ್ನು ಅಕ್ಷರದಲ್ಲಿ ಹೇಳೋದು ರೂಢಿ. ಡ್ರೈವರ್ ಸ್ವಿಂಗ್ ವೇಗದ ಪ್ರಕಾರ ಅಂಗಡಿಗಳಲ್ಲಿ ಹೇಳೋ ಲೆಕ್ಕ ಸುಮಾರಾಗಿ ಹೀಗಿದೆ:

ಗಂಟೆಗೆ 75 ಮೈಲಿಗಿಂತ ಕಡಿಮೆ: ಎಲ್, ಅಂದ್ರೆ ಲೇಡೀಸ್
75ರಿಂದ 85: ಎ, ಅಂದ್ರೆ ಸೀನಿಯರ್
85ರಿಂದ 95: ಆರ್, ಅಂದ್ರೆ ರೆಗ್ಯುಲರ್
95ರಿಂದ 105: ಎಸ್, ಅಂದ್ರೆ ಸ್ಟಿಫ್
105ಕ್ಕಿಂತ ಹೆಚ್ಚು: ಎಕ್ಸ್, ಅಂದ್ರೆ ಎಕ್ಸ್‌ಟ್ರಾ ಸ್ಟಿಫ್

ವೇಗ ಅಳೆಯೋ ರಾಡಾರ್ ನಮ್ಮ ಹತ್ರ ಎಲ್ಲಿಂದ ಬರಬೇಕು? ಒಂದು ಅಂದಾಜು ದಾರಿ ಇದೆ. ಕೆಲವು ವರ್ಷಗಳ ಹಿಂದಿನ ಲೆಕ್ಕದಲ್ಲಿ ಅಮೆರಿಕದ ಪುರುಷ ಪ್ರೊಗಳ ಸರಾಸರಿ ವೇಗ ಸುಮಾರು 113 ಮೈಲಿ ಇತ್ತು, ಚೆಂಡು ನೆಲಕ್ಕೆ ತಾಗುವ ಮುಂಚೆ ಹಾರುವ ದೂರ ಸುಮಾರು 275 ಗಜ. ಮಹಿಳಾ ಪ್ರೊಗಳದ್ದು 94 ಮೈಲಿ, 218 ಗಜ. ಭಾಗಿಸಿ ನೋಡಿ: ಎರಡೂ ಕಡೆ ಮೈಲಿಗೆ 2.3ರಿಂದ 2.4 ಗಜ ಬರುತ್ತೆ. ಅಂದ್ರೆ ನಿಮ್ಮ ಒಳ್ಳೆಯ ಹೊಡೆತ ಹಾರುವ ಗಜವನ್ನು 2.3ರಿಂದ ಭಾಗಿಸಿದರೆ ವೇಗದ ಅಂದಾಜು ಸಿಗುತ್ತೆ. ಉರುಳಿದ ದೂರ ಸೇರಿಸಬೇಡಿ, ಅದು ನಮಗೆ ನಾವೇ ಮಾಡಿಕೊಳ್ಳೋ ಮೋಸ. ನಮ್ಮ ಗೆಳೆಯನದ್ದು 210 ಗಜ, ಅಂದ್ರೆ ಸುಮಾರು 91 ಮೈಲಿ. ಆರ್ ವರ್ಗದ ನಡುವೆ ಇರೋ ಹುಡುಗ ಎರಡು ಮೆಟ್ಟಿಲು ಮೇಲಿನ ಎಕ್ಸ್ ಹಿಡಿದು ಹೋರಾಡ್ತಿದ್ದ.

"ಆರ್ ಬೇಡ ಕಣ್ರೋ, ಅದು ಅಂಕಲ್‌ಗಳಿಗೆ. ಕಡಿಮೆ ಅಂದ್ರೂ ಎಸ್ ಬೇಕು" ಅಂತ ಅವನ ಹಟ. ಇಲ್ಲೇ ಇರೋದು ಅಸಲಿ ಸಮಸ್ಯೆ. ಅಕ್ಷರ ಅನ್ನೋದು ಅಳತೆಯಾಗಿ ಉಳಿದಿಲ್ಲ, ಮರ್ಯಾದೆ ಪ್ರಶ್ನೆ ಆಗಿಬಿಟ್ಟಿದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಡ್ರೈವ್ ದೂರದಲ್ಲಿ ಅವರು ಅಲ್ಲಿದ್ದವರ ಪೈಕಿ ತೀರಾ ಹಿಂದಿದ್ದರು. ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇನ್ನೊಂದು ವಿಷಯ. ಈ ಅಕ್ಷರಗಳಿಗೆ ಎಲ್ಲಾ ಕಂಪನಿಗಳೂ ಒಪ್ಪಿದ ಸ್ಟ್ಯಾಂಡರ್ಡ್ ಇಲ್ಲ. ಬೋಲ್ಟ್‌ಗೆ ಎಂ8 ಅಂದ್ರೆ ಎಲ್ಲೇ ತಗೊಂಡ್ರೂ ಎಂ8. ಶಾಫ್ಟ್‌ಗೆ ಎಸ್ ಅಂದ್ರೆ ಆ ಕಂಪನಿಯ, ಆ ಮಾಡೆಲ್‌ನ ಎಸ್. ಹಾಗಾದ್ರೆ ನಾವೇ ಅಳೆಯೋಣ ಅಂದ್ಕೊಂಡ್ವಿ.

ವರ್ಕ್‌ಶಾಪ್‌ನಲ್ಲಿ ಕ್ಯಾಂಟಿಲಿವರ್

ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇಂಟರ್ನಲ್ಸ್‌ಗೆ ನಾವೆಲ್ಲಾ ಬಾಯಿಪಾಠ ಮಾಡಿದ ಕ್ಯಾಂಟಿಲಿವರ್ ಬೀಮ್ ನೆನಪಿಸಿಕೊಳ್ಳಿ. ಒಂದು ತುದಿ ಬಿಗಿ, ಇನ್ನೊಂದು ತುದಿಯಲ್ಲಿ ಭಾರ. ಡ್ರೈವರ್‌ನ ಗ್ರಿಪ್ ಅನ್ನು ಬೆಂಚ್ ವೈಸ್‌ನಲ್ಲಿ ಹಿಡಿಸಿದರೆ ಅದೇ ಬೀಮ್. ಹೆಡ್ ಅನ್ನು ಸ್ವಲ್ಪ ಎಳೆದು ಬಿಟ್ಟರೆ ಅದು ತೂಗುತ್ತೆ. ನಿಮಿಷಕ್ಕೆ ಎಷ್ಟು ಸಲ ತೂಗುತ್ತೆ ಅನ್ನೋ ಸಂಖ್ಯೆಯನ್ನು ಕ್ಲಬ್ ರಿಪೇರಿಯವರು ಸಿಪಿಎಂ ಅಂತಾರೆ. ಬಿರುಸು ಜಾಸ್ತಿ ಇದ್ದಷ್ಟೂ ಸಿಪಿಎಂ ಜಾಸ್ತಿ. ಒಂದು ಅಕ್ಷರಕ್ಕೂ ಮುಂದಿನ ಅಕ್ಷರಕ್ಕೂ ಸುಮಾರು 10 ಸಿಪಿಎಂ ವ್ಯತ್ಯಾಸ ಅನ್ನೋದು ಬಳಕೆಯ ಲೆಕ್ಕ.

ಕ್ಲಬ್ ರಿಪೇರಿ ಮಾಡೋ ಅಣ್ಣ ಒಬ್ಬರು ಮೂರು ಹಳೇ ಶಾಫ್ಟ್‌ಗಳನ್ನು ಒಂದು ವಾರಕ್ಕೆ ಕೊಟ್ಟರು. ಈಗಿನ ಡ್ರೈವರ್‌ಗಳಲ್ಲಿ ಶಾಫ್ಟ್ ತುದಿಗೆ ಒಂದು ಅಡಾಪ್ಟರ್ ಇರುತ್ತೆ, ಒಂದು ಸ್ಕ್ರೂ ತಿರುಗಿಸಿದರೆ ಶಾಫ್ಟ್ ಬದಲಾಯಿಸಬಹುದು. ಆದ್ರೆ ಅಡಾಪ್ಟರ್ ಕಂಪನಿಯಿಂದ ಕಂಪನಿಗೆ ಬೇರೆ, ಕೊಳ್ಳೋ ಮುಂಚೆ ನೋಡಿಕೊಳ್ಳಿ. ವರ್ಕ್‌ಶಾಪ್ ಸರ್ ಒಂದೇ ಷರತ್ತು ಹಾಕಿದ್ರು: ವೈಸ್ ದವಡೆಗೆ ಮರದ ತುಂಡು ಇಡಬೇಕು. ಟೊಳ್ಳು ಕಾರ್ಬನ್ ಕೊಳವೆಯನ್ನು ಕಬ್ಬಿಣದ ದವಡೆಯಲ್ಲಿ ಬಿಗಿದರೆ ಒಳಗೇ ಬಿರುಕು ಬಿಡಬಹುದು.

ಎಲ್ಲದಕ್ಕೂ ಒಂದೇ ಹೆಡ್, ಗ್ರಿಪ್‌ನ ಅಷ್ಟೇ ಭಾಗ ವೈಸ್ ಒಳಗೆ, ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ಸ್ಲೋ ಮೋಶನ್. ಹತ್ತು ತೂಗಾಟಕ್ಕೆ ಎಷ್ಟು ಫ್ರೇಮ್ ಅಂತ ಎಣಿಸಿ ಸಮಯ ತೆಗೆದ್ವಿ.

ಒಂದನೇದು, ಹಳೇ 70 ಗ್ರಾಂ ಎಕ್ಸ್: 2.18 ಸೆಕೆಂಡ್, 275 ಸಿಪಿಎಂ
ಎರಡನೇದು, 60 ಗ್ರಾಂ ಎಸ್: 2.36 ಸೆಕೆಂಡ್, 254 ಸಿಪಿಎಂ
ಮೂರನೇದು, ಬೇರೆ ಕಂಪನಿಯ 50 ಗ್ರಾಂ ಎಸ್: 2.43 ಸೆಕೆಂಡ್, 247 ಸಿಪಿಎಂ
ನಾಲ್ಕನೇದು, 60 ಗ್ರಾಂ ಆರ್: 2.45 ಸೆಕೆಂಡ್, 245 ಸಿಪಿಎಂ

ಮೂರನೇದನ್ನೂ ನಾಲ್ಕನೇದನ್ನೂ ನೋಡಿ. ಒಂದರ ಮೇಲೆ ಎಸ್, ಇನ್ನೊಂದರ ಮೇಲೆ ಆರ್. ತೂಗಾಟ ಹೆಚ್ಚುಕಮ್ಮಿ ಒಂದೇ! ಅವನು ಯಾವುದಕ್ಕೆ 'ಅಂಕಲ್ ಶಾಫ್ಟ್' ಅಂತಿದ್ನೋ ಅದೂ, ಅವನು ಬೇಕು ಅಂತಿದ್ದ ಎಸ್ಸೂ ಬಿರುಸಿನಲ್ಲಿ ಅಣ್ಣತಮ್ಮಂದಿರು.

ಸಂಖ್ಯೆಗಳನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ದ್ವಿ. 250 ಸಿಪಿಎಂ ಶಾಫ್ಟ್‌ನ ತುದಿಯ ಬಿರುಸು ಮೀಟರ್‌ಗೆ ಸುಮಾರು 147 ನ್ಯೂಟನ್ ಬರುತ್ತೆ. ತುದಿಗೆ ಒಂದು ಕೆಜಿ ನೇತುಹಾಕಿದರೆ 6.7 ಸೆಂಟಿಮೀಟರ್ ಬಾಗುತ್ತೆ. 260 ಸಿಪಿಎಂ ಆದ್ರೆ 6.2. ಅಂದ್ರೆ ಒಂದು ಅಕ್ಷರಕ್ಕೆ, ಒಂದು ಕೆಜಿಗೆ, ಅರ್ಧ ಸೆಂಟಿಮೀಟರ್. ಇಷ್ಟಕ್ಕೇ ಇಷ್ಟೊಂದು ಹಟ.

ಹಳೇ ಎಕ್ಸ್ ಶಾಫ್ಟ್ ಇನ್ನೊಂದು ಪಾಠ ಕಲಿಸ್ತು. ಅದನ್ನು ಯಾರೋ ಗ್ರಿಪ್ ಕಡೆ ಒಂದು ಇಂಚು ಕತ್ತರಿಸಿದ್ದರು. ಉದ್ದ ಕಡಿಮೆಯಾದಷ್ಟೂ ಬೀಮ್ ಬಿರುಸಾಗುತ್ತೆ. ಒಂದೇ ಹೆಡ್ ಇಟ್ಟುಕೊಂಡು ಲೆಕ್ಕ ಹಾಕಿದರೆ ಒಂದು ಇಂಚಿಗೆ ಸುಮಾರು ಒಂದು ಅಕ್ಷರದಷ್ಟು. ಹಾಗಾಗಿ ಸೆಕೆಂಡ್ ಹ್ಯಾಂಡ್ ಶಾಫ್ಟ್ ತಗೊಳ್ಳೋವಾಗ ಅಕ್ಷರ ಓದೋಕೆ ಮುಂಚೆ ಟೇಪ್ ಹಿಡಿದು ಉದ್ದ ಅಳೀರಿ.

ಹೊಡೆಯೋವಾಗ ಒಳಗೆ ಏನಾಗುತ್ತೆ?

"ಶಾಫ್ಟ್ ಚಾಟಿ ಥರ ಬೀಸುತ್ತೆ, ಅದಕ್ಕೇ ಚೆಂಡು ದೂರ ಹೋಗುತ್ತೆ" ಅಂತ ತುಂಬಾ ಜನ ನಂಬಿದ್ದಾರೆ. ನಾವೂ ನಂಬಿದ್ವಿ. ನಿಜ ಸ್ವಲ್ಪ ಬೇರೆ.

ಕೆಳಗೆ ಬರೋ ಸ್ವಿಂಗ್‌ಗೆ ಹಿಡಿಯೋದು ಸುಮಾರು ಕಾಲು ಸೆಕೆಂಡ್. ಮೇಲಿನ ಪಟ್ಟಿ ನೋಡಿದರೆ ಶಾಫ್ಟ್‌ನ ಒಂದು ತೂಗಾಟಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ವೈಸ್ ಹಿಡಿದಷ್ಟು ಬಿಗಿಯಾಗಿ ಕೈ ಹಿಡಿಯಲ್ಲ, ಹಾಗಾಗಿ ಲೆಕ್ಕ ಪಕ್ಕಾ ಹೊಂದಲ್ಲ. ಆದ್ರೂ ಎರಡೂ ಒಂದೇ ಅಳತೆಯ ಸಮಯವಾದ್ದರಿಂದಲೇ ಫ್ಲೆಕ್ಸ್‌ಗೂ ಆಟಗಾರನ ಟೈಮಿಂಗ್‌ಗೂ ನಂಟಿದೆ.

ಸ್ವಿಂಗ್ ಶುರುವಿನಲ್ಲಿ ಕೈ ಎಳೆಯುತ್ತೆ, ಭಾರದ ಹೆಡ್ ಹಿಂದೆ ಉಳಿಯುತ್ತೆ, ಶಾಫ್ಟ್ ಹಿಂದಕ್ಕೆ ಬಾಗುತ್ತೆ. ಚೆಂಡಿನ ಹತ್ತಿರ ಬರೋ ಹೊತ್ತಿಗೆ ಹೆಡ್ ವೃತ್ತದಲ್ಲಿ ಓಡ್ತಾ ಶಾಫ್ಟನ್ನು ಹತ್ತಾರು ಕೆಜಿ ನೇತುಹಾಕಿದಷ್ಟು ಬಲದಿಂದ ಹೊರಗೆ ಎಳೀತಿರುತ್ತೆ. ಹೆಡ್‌ನ ಗುರುತ್ವ ಕೇಂದ್ರ ಶಾಫ್ಟ್‌ನ ನೇರದಲ್ಲಿ ಇಲ್ಲ, ಸ್ವಲ್ಪ ಹಿಂದಿದೆ. ಎಳೆತ ಅದನ್ನು ಕೈಯ ನೇರಕ್ಕೆ ತರಲು ನೋಡುತ್ತೆ. ಹಾಗಾಗಿ ತುದಿ ಮುಂದಕ್ಕೆ ಬಾಗುತ್ತೆ, ಹೆಡ್‌ನ ಮುಖ ಸ್ವಲ್ಪ ಮೇಲಕ್ಕೆ ನೋಡುತ್ತೆ, ಸ್ವಲ್ಪ ಮುಚ್ಚಿಕೊಳ್ಳುತ್ತೆ.

ಅಂದ್ರೆ ಮೆತ್ತಗಿನ ಶಾಫ್ಟ್‌ನಲ್ಲಿ ಚೆಂಡು ಎತ್ತರಕ್ಕೆ, ಬಲಗೈ ಆಟಗಾರನಿಗೆ ಎಡಕ್ಕೆ ಹೋಗೋ ಒಲವು. ಬಿರುಸಿನದ್ದರಲ್ಲಿ ಕೆಳಗೆ, ಬಲಕ್ಕೆ. ಇದು ಒಲವು ಅಷ್ಟೆ. ಸ್ವಿಂಗ್ ತಪ್ಪಿದ್ರೆ ಯಾವ ಶಾಫ್ಟೂ ಕಾಪಾಡಲ್ಲ. ವೇಗಕ್ಕೆ ಫ್ಲೆಕ್ಸ್‌ನಿಂದ ಸಿಗೋದು ಅಲ್ಪ. ಇನ್ನು ಹೆಡ್ ಚೆಂಡಿಗೆ ತಾಗಿರೋ ಸಮಯ ಅರ್ಧ ಮಿಲಿಸೆಕೆಂಡ್ ಮಾತ್ರ. ಕೈಗೆ ಆ ಹೊಡೆತ ಗೊತ್ತಾಗೋ ಹೊತ್ತಿಗೆ ಚೆಂಡು ಹೊರಟುಹೋಗಿರುತ್ತೆ.

ಶಾಫ್ಟ್ ಮೇಲೆ ಟಾರ್ಕ್ ಅಂತ ಡಿಗ್ರಿಯಲ್ಲಿ ಇನ್ನೊಂದು ಸಂಖ್ಯೆ ಇರುತ್ತೆ. ಅದು ಎಷ್ಟು ತಿರುಚುತ್ತೆ ಅನ್ನೋದು, 3ರ ಆಸುಪಾಸು ಬಿಗಿ, 6ರ ಆಸುಪಾಸು ಸಡಿಲ. ತೂಕ, ಫ್ಲೆಕ್ಸ್ ಸರಿಯಾದ ಮೇಲೆ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಿ.

ಕಪ್ಪು ಟೇಪ್ ಪರೀಕ್ಷೆ

ಮುಂದಿನ ಸೋಮವಾರ ನಾವೂ ಅವನ ಜೊತೆ ಪ್ರಾಕ್ಟೀಸ್ ರೇಂಜ್‌ಗೆ ಹೋದ್ವಿ. ನಾಲ್ಕೂ ಶಾಫ್ಟ್‌ಗಳ ಬರಹದ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿದ್ವಿ. ಯಾವುದು ಯಾವುದು ಅಂತ ನಮ್ಮಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಒಂದೊಂದರಲ್ಲಿ ಐದೈದು ಚೆಂಡು, ಮತ್ತೆ ಕ್ರಮ ಬದಲಾಯಿಸಿ ಐದು, ಹೀಗೆ ಒಟ್ಟು 20. ಒಂದರಲ್ಲೇ ಸತತ 20 ಹೊಡೆದರೆ ಕೊನೆಯ ಶಾಫ್ಟ್‌ಗೆ ಸುಸ್ತಾದ ಕೈ ಸಿಗುತ್ತೆ, ಅದು ಅನ್ಯಾಯ. ದೂರದಲ್ಲಿ ಎರಡು ಗುರುತು ಇಟ್ಟು, ಸುಮಾರು 30 ಗಜ ಅಗಲದ ಆ ಹಾದಿಯೊಳಗೆ ಎಷ್ಟು ಬಿತ್ತು ಅಂತ ಎಣಿಸಿದ್ವಿ.

ಹಳೇ ಎಕ್ಸ್: 5. 60 ಗ್ರಾಂ ಎಸ್: 11. 50 ಗ್ರಾಂ ಎಸ್: 8. 60 ಗ್ರಾಂ ಆರ್: 13.

ಇಪ್ಪತ್ತೇ ಚೆಂಡು, ಹಾಗಾಗಿ 11ಕ್ಕೂ 13ಕ್ಕೂ ವ್ಯತ್ಯಾಸ ಇದೆ ಅಂತ ಹೇಳೋ ಧೈರ್ಯ ನಮಗಿಲ್ಲ. ಆದ್ರೆ ಎರಡು ವಿಷಯ ಕಾಣ್ತಿತ್ತು. ಒಂದೇ ತೂಕದ ಎಸ್ ಮತ್ತು ಆರ್ ಹತ್ತಿರ ಹತ್ತಿರ ಇದ್ದವು. ಒಂದೇ ಬಿರುಸಿನ, ಬೇರೆ ತೂಕದ ಎರಡು ಶಾಫ್ಟ್‌ಗಳು ದೂರ ಇದ್ದವು, ಹಗುರದ್ದರಲ್ಲಿ ಚೆಂಡು ಎರಡೂ ಕಡೆ ಚೆಲ್ಲಾಡಿತ್ತು. ಅವನದ್ದು ಅವಸರದ ಟ್ರಾನ್ಸಿಶನ್. ಅವನಿಗೆ ಮೊದಲು ಬೇಕಿದ್ದದ್ದು ಸರಿಯಾದ ತೂಕ. ಎರಡು ವಾರದ ನಂತರ ಮತ್ತೊಮ್ಮೆ ಮಾಡಿದಾಗಲೂ ಕ್ರಮ ಇದೇ ಬಂತು.

ಅವರಪ್ಪ ಪಕ್ಕದಲ್ಲಿ ನಿಂತು ಸುಮ್ಮನೆ ನೋಡ್ತಿದ್ದರು. ಕೊನೆಗೆ ನಾಲ್ಕನೇ ಶಾಫ್ಟ್ ಕಡೆ ಕೈ ತೋರಿಸಿ, "ಇದು ತಗೊಳ್ಳೋ. ಎತ್ತರ ಸರಿಯಾಗ್ ಹೋಯ್ತಾ ಐತೆ, ನೀನೂ ಒದ್ದಾಡ್ತಿಲ್ಲ" ಅಂದರು. ಟೇಪ್ ಬಿಚ್ಚಿದಾಗ ಅದು ಆರ್.

"ಅಂಕಲ್, ಹೇಗೆ ಗೊತ್ತಾಯ್ತು?" ಅಂತ ಕೇಳಿದ್ವಿ.

"ಇಷ್ಟ್ ವರ್ಷ ಬ್ಯಾಗ್ ಹೊತ್ತಿದೀನಲ್ಲಪ್ಪಾ. ಕೋಲಿನ ಮೇಲೆ ಏನ್ ಬರ್ದೈತೆ ಅಂತ ಆಡೋರನ್ನ ಬೇಕಾದಷ್ಟು ನೋಡಿದೀನಿ. ಚೆಂಡು ಓದಕ್ಕೆ ಬರಲ್ಲ, ಅದು ಹೋಗೋ ಕಡೆ ಹೋಗುತ್ತೆ."

ನೀವು ಆರಿಸೋದಾದ್ರೆ

1. ಚೆಂಡು ಹಾರುವ ದೂರವನ್ನು ಪ್ರಾಮಾಣಿಕವಾಗಿ ಅಳೆದು, 2.3ರಿಂದ ಭಾಗಿಸಿ ವೇಗ ಅಂದಾಜು ಮಾಡಿ.
2. ಮೊದಲು ತೂಕ. ಎರಡು ಮೂರು ತೂಕದಲ್ಲಿ ಹೊಡೆದು, ಚೆಂಡು ಎಲ್ಲಿ ಕಡಿಮೆ ಚೆದುರುತ್ತೋ ಅದನ್ನು ಹಿಡಿಯಿರಿ. ಅತಿ ದೂರ ಹೋದ ಒಂದು ಹೊಡೆತವನ್ನು ನೆನಪಿಟ್ಟುಕೊಂಡು ತೀರ್ಮಾನಿಸಬೇಡಿ.
3. ಆಮೇಲೆ ಅದೇ ತೂಕದಲ್ಲಿ ಫ್ಲೆಕ್ಸ್. ಚೆಂಡು ಕೆಳಗೆ ಹಾರಿ ಬಲಕ್ಕೆ ಹೋಗ್ತಿದ್ರೆ ಒಂದು ಮೆಟ್ಟಿಲು ಮೆತ್ತಗೆ, ಎತ್ತರಕ್ಕೆ ಏರಿ ಎಡಕ್ಕೆ ಬರ್ತಿದ್ರೆ ಒಂದು ಮೆಟ್ಟಿಲು ಬಿರುಸು. ಎರಡರ ನಡುವೆ ಇದ್ರೆ ಮೆತ್ತಗಿನದ್ದನ್ನೇ ಮೊದಲು ನೋಡಿ. ಒಂದೇ ಮಾಡೆಲ್‌ನಲ್ಲಿ ತೂಕ ಏರಿದಂತೆ ಬಿರುಸೂ ಏರೋದು ಸಾಮಾನ್ಯ, ಅದು ನೆನಪಿರಲಿ.
4. ಸೆಕೆಂಡ್ ಹ್ಯಾಂಡ್ ಆದ್ರೆ ಉದ್ದ, ಅಡಾಪ್ಟರ್, ಬಿರುಕು ಮೂರನ್ನೂ ನೋಡಿ. ಸಾಧ್ಯವಾದ್ರೆ ವೈಸ್‌ನಲ್ಲಿ ಹಾಕಿ ತೂಗಿಸಿ.
5. ಟೇಪ್ ಸುತ್ತಿ. ಇದನ್ನು ಮಾತ್ರ ಬಿಡಬೇಡಿ.

ಅವನು ವೀಕೆಂಡ್‌ನಲ್ಲಿ ಸ್ಕೂಲ್ ಮಕ್ಕಳಿಗೆ ಮ್ಯಾಥ್ಸ್ ಹೇಳಿಕೊಟ್ಟು ₹7,000 ಕೂಡಿಸಿಟ್ಟಿದ್ದ. ಬೇರೆ ಎಸ್ ತಗೊಂಡು ಅದು ಹೊಂದದಿದ್ದರೆ ಇನ್ನೊಂದಕ್ಕೆ ದುಡ್ಡಿರಲಿಲ್ಲ. ರಿಪೇರಿ ಅಣ್ಣ ಆ ಆರ್ ಶಾಫ್ಟನ್ನು ಹೊಸ ಗ್ರಿಪ್ ಹಾಕಿ ₹4,500ಕ್ಕೆ ಕೊಟ್ಟರು. ಉಳಿದಿದ್ದು ಟೂರ್ನಿ ಎಂಟ್ರಿ ಫೀಸ್‌ಗೆ ಹೋಯ್ತು.

ಡಿಸೆಂಬರ್ ಟೂರ್ನಿಯಲ್ಲಿ ಅವನು ಗೆಲ್ಲಲಿಲ್ಲ. ಎರಡನೇ ದಿನ ಪಟ್ಟಿಂಗ್ ಕೈಕೊಟ್ಟು ಮೂರು ಹೊಡೆತದಿಂದ ಕಟ್ ತಪ್ಪಿತು. ಡ್ರೈವ್ ಹೇಗಿತ್ತು ಅಂತ ಕೇಳಿದ್ರೆ, "ಎರಡು ದಿನದಲ್ಲಿ ಮರದೊಳಗೆ ಹೋಗಿದ್ದು ಎರಡೇ ಸಲ ಕಣ್ರೋ" ಅಂದ. ಬ್ಯಾಗ್ ಈಗ ಮಂಚದ ಕೆಳಗಿಲ್ಲ, ಬಾಗಿಲ ಹಿಂದೆ ನಿಂತಿದೆ. ನಮಗೆ ದಿನಾ ಎಡವೋ ಕೆಲಸ.

ಕ್ಯಾಂಪಸ್‌ನಲ್ಲಿ ಯಾರ ಹತ್ರ ಆದ್ರೂ ಹಳೇ ಡ್ರೈವರ್ ಇದ್ರೆ ತನ್ನಿ, ಶನಿವಾರ ವರ್ಕ್‌ಶಾಪ್‌ನಲ್ಲಿ ತೂಗಿಸಿ ಸಿಪಿಎಂ ಹೇಳ್ತೀವಿ. ಮರದ ತುಂಡು, ಕಪ್ಪು ಟೇಪ್ ಎರಡೂ ನಮ್ಮ ಹತ್ರ ಇದೆ.